ಹುಲ್ಲುಕಡ್ಡಿ ಹೇಳದ ಕರೆಂಟು

ನನ್ನ ತಮ್ಮನ ಹೆಸರು ರುದ್ರಸ್ವಾಮಿ. ಪಣಕಹಳ್ಳಿಗೆ ಬಂದು ಆ ಹೆಸರು ಹೇಳಿದ್ರೆ ಅರ್ಧ ಜನ ಯಾರಪ್ಪ ಅದು ಅಂತಾರೆ. ಬೇಲಿಸ್ವಾಮಿ ಅಂದ್ರೆ ಮಾತ್ರ ಯಾರು ಬೇಕಾದ್ರೂ ಮನೆ ತೋರಿಸ್ತಾರೆ. ತೋರಿಸಿ, ಬಂದೋರ ಕಿವಿಗೆ ಬಾಯಿಟ್ಟು ಒಂದು ಕಥೇನೂ ಹೇಳ್ತಾರೆ. ಆ ಕಥೆ ಒಬ್ಬೊಬ್ರ ಬಾಯಲ್ಲಿ ಒಂದೊಂದು ತರ ಇದೆ, ಕೇಳಿ ಕೇಳಿ ನನ್ನ ತಲೆ ಕೆಟ್ಟೋಗಿದೆ. ನಾನು ಮಲ್ಲಾಜಮ್ಮ, ಅವನ ಒಡಹುಟ್ಟಿದ ಅಕ್ಕ, ಇದೇ ಊರಿನ ಮೂಡಲ ಬೀದಿಗೆ ಕೊಟ್ಟ ಹೆಣ್ಣು. ಆ ದಿನ ಅವನ ಹೆಂಡ್ತಿ ಸತ್ತು ಬಿದ್ದಿದ್ದಾಗ ಮೊದಲು ಹೋಗಿ ನೋಡಿದವಳೂ ನಾನೇ. ನನ್ನ ನಾಲಿಗೆ ಚುರುಕು ಅಂತ ಊರಲ್ಲಿ ಹೆಸರಿದೆ. ಇರ್ಲಿ ಬುಡಿ, ಇದನ್ನ ಹೇಳೋಕೆ ಅಂಥ ನಾಲಿಗೇನೇ ಬೇಕು.

ಚಿಕ್ಕವನಿದ್ದಾಗಿಂದಲೂ ಅವನದು ಏನಾದ್ರೂ ಬಿಚ್ಚೋ ಕೈ. ಟಾರ್ಚು ಬಿಚ್ಚೋನು, ರೇಡಿಯೋ ಬಿಚ್ಚೋನು, ಒಂದು ಸಲ ಅಪ್ಪನ ಕೈಗಡಿಯಾರ ಬಿಚ್ಚಿ ಮತ್ತೆ ಕೂಡಿಸೋಕೆ ಬರದೆ ರಾಗಿ ಗುಡಾಣದೊಳಗೆ ಬಚ್ಚಿಟ್ಟಿದ್ದ. ಏಟು ತಿಂದದ್ದಕ್ಕೆ ಲೆಕ್ಕವೇ ಇಲ್ಲ. ಆಮೇಲೆ ಘಾಟಿ ಇಳಿದು ಸತ್ಯಮಂಗಲದಲ್ಲಿ ವೈರಿಂಗ್ ಕೆಲಸ ಕಲಿತು ಬಂದ. ಅಲ್ಲಿ ಕಲಿತದ್ದೆಲ್ಲ ತಮಿಳಲ್ಲಿ. ಇಲ್ಲಿ ನಮಗೆ ಕನ್ನಡದಲ್ಲಿ ಹೇಳೋಕೆ ಕೂತ್ರೆ ಮಾತು ಸಿಗದೆ ತಡವರಿಸೋನು, ಕೈಯಲ್ಲಿ ತೋರಿಸೋನು. ನಾವೆಲ್ಲ ಬಾಯಿಗೆ ಸೆರಗು ಇಟ್ಕೊಂಡು ನಗ್ತಿದ್ವಿ.

ಆಗ ತಾನೇ ಬೆಟ್ಟದ ಮೇಲೆ ಸೋಲಾರ್ ಬೇಲಿ ಬರ್ತಿದ್ದ ಕಾಲ. ನಮ್ಮದು ಕಾಡಂಚಿನ ಹೊಲ. ರಾಗಿ ತೆನೆ ಕಟ್ಟಿದ್ರೆ, ಮುಸುಕಿನ ಜೋಳ ಹಾಲು ತುಂಬಿದ್ರೆ ಆನೆ ಇಳಿದೇ ಇಳೀತವೆ. ತಮಟೆ ಬಾರಿಸಿ, ಪಟಾಕಿ ಹೊಡೆದು, ಅಟ್ಟಣೆ ಮೇಲೆ ನಿದ್ದೆಗೆಟ್ಟು ಸಾಕಾಗಿ ಎಲ್ರೂ ಬೇಲಿ ಹಾಕಿಸೋಕೆ ಶುರು ಮಾಡಿದ್ರು. ನಾಲ್ಕು ಎಳೆ ತಂತಿ, ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಟಕ್ ಟಕ್ ಅಂತ ಬಡಿದುಕೊಳ್ಳೋ ಒಂದು ಬಾಕ್ಸು. ಹಾಕೋಕೆ ಕೆಳಗಿಂದ ಬರೋರು, ಕೆಟ್ರೆ ಈ ಕಡೆ ತಲೆ ಹಾಕ್ತಿರಲಿಲ್ಲ. ಕೆಟ್ಟ ಬೇಲಿ ಎಲ್ಲ ನನ್ನ ತಮ್ಮನ ಪಾಲಿಗೆ ಬಂತು. ಗಾಡಿ ಹಿಂದೆ ತಂತಿ ಸುರುಳಿ ಕಟ್ಕೊಂಡು ಹೊರಟ್ರೆ ಇತ್ತ ಗುಮಟಾಪುರ, ಅತ್ತ ಘಾಟಿ ತುದಿಯ ದಿಂಬಂ, ಎಲ್ಲೆಲ್ಲೋ ಅಲೆದು ಕತ್ತಲಿಗೆ ಮನೆ ಸೇರೋನು. ಬೇಸಗೇಲಿ ನೆಲ ಒಣಗಿ ಬೇಲಿಗೆ ಶಕ್ತಿ ಇಲ್ಲದಂಗಾದಾಗ, ಬಾಕ್ಸಿನ ಪಕ್ಕ ಮಣ್ಣಲ್ಲಿ ಹೂತ ಕಬ್ಬಿಣದ ಸರಳಿನ ಬುಡಕ್ಕೆ ಒಂದು ಕೊಡ ನೀರು ಹುಯ್ಯಿ ಅಂತ ಹೆಂಗಸ್ರಿಗೆ ಹೇಳಿಕೊಟ್ಟಿದ್ದ. ಒಣ ಮಣ್ಣು ಕರೆಂಟನ್ನ ವಾಪಸ್ ಹೋಗೋಕೆ ಬುಡಲ್ಲ ಅನ್ನೋನು. ಬೇಲಿಗೆ ನೀರು ಕುಡಿಸೋದು ಅಂತ ಅದಕ್ಕೆ ನಮ್ಮೂರಲ್ಲಿ ಹೆಸರೇ ಬಿತ್ತು.

ಎಂಟು ಸಾವಿರ ವೋಲ್ಟು ಅಂತ ಬಾಕ್ಸಿನ ಮೇಲೆ ಬರೆದಿರ್ತದೆ. ಅದನ್ನ ಓದಿ ನಾನು ಒಂದು ದಿನ ಜಗಳಕ್ಕೆ ನಿಂತಿದ್ದೆ. ಮನೆ ಲೈನು ಇನ್ನೂರ ಮೂವತ್ತು, ಅದು ಮುಟ್ಟಿದ್ರೇ ಜನ ಸಾಯ್ತಾರೆ, ನೀನು ಎಂಟು ಸಾವಿರ ತಂದು ಹೊಲದ ಸುತ್ತ ಕಟ್ಟಿದ್ದೀಯಲ್ಲ, ನಿನಗೇನು ಬುದ್ಧಿ ನೆಟ್ಟಗಿದೆಯಾ ಅಂತ. ಅವನು ನನ್ನ ಕೈ ಹಿಡಿದು ಹೊಲದ ನೀರಿನ ಟ್ಯಾಂಕಿನ ಹತ್ರ ಕರ್ಕೊಂಡು ಹೋದ. ಟ್ಯಾಂಕು ಎಷ್ಟು ಎತ್ತರದಲ್ಲಿದೆಯೋ ಅದು ವೋಲ್ಟು ಅಂದ. ಪೈಪಲ್ಲಿ ಎಷ್ಟು ನೀರು ಹರೀತದೋ ಅದು ಕರೆಂಟು. ಪೈಪು ಎಷ್ಟು ಸಣ್ಣಗಿದೆ, ಎಷ್ಟು ಕಸ ಕಟ್ಟಿದೆ, ಅದು ತಡೆ. ಟ್ಯಾಂಕು ಎತ್ತರ ಆದಷ್ಟೂ ನೀರು ಜೋರು, ತಡೆ ಹೆಚ್ಚಾದಷ್ಟೂ ನೀರು ಕಮ್ಮಿ, ಇಷ್ಟೇ ಕಣಕ್ಕ ಎಲ್ಲ ಅಂದ. ಮನುಷ್ಯನನ್ನ ಕೊಲ್ಲೋದು ಎತ್ತರ ಅಲ್ಲವಂತೆ, ಮೈಯೊಳಗೆ ಎಷ್ಟು ಹರೀತು, ಎಷ್ಟು ಹೊತ್ತು ಹರೀತು ಅನ್ನೋದಂತೆ. ಸೋಲಾರ್ ಬಾಕ್ಸು ದಿಂಬಂ ನೆತ್ತಿ ಮೇಲಿಂದ ಒಂದೊಂದೇ ಚಮಚ ನೀರು ಚೆಲ್ಲಿದಂಗೆ, ಬಡಿದು ಬುಟ್ಟುಬುಡ್ತದೆ. ಮನೆ ಲೈನು ಮಾಳಿಗೆ ಎತ್ತರದ ಟ್ಯಾಂಕು, ಆದ್ರೆ ಅದರ ಬೆನ್ನಿಗೆ ಒಂದು ಅಣೆಕಟ್ಟೇ ಇದೆ, ಹರಿಯೋಕೆ ಶುರುವಾದ್ರೆ ನಿಲ್ಲಲ್ಲ. ನನ್ನ ತಲೆಗೆ ಹತ್ತಿದ್ದು ಇಷ್ಟು. ಇಷ್ಟೂ ಹತ್ತದವರು ಊರಲ್ಲಿ ಇದ್ರು, ಅದು ಮುಂದೆ ಗೊತ್ತಾಯ್ತು.

ಗುಮಟಾಪುರದ ಶಿವಮಲ್ಲಮ್ಮನ ಒಬ್ಬಳೇ ಮಗಳು ಶೈಲಶ್ರೀನ ಅವನಿಗೆ ತಂದ್ವಿ. ಮೆತ್ತಗಿನ ಹುಡುಗಿ, ಆದ್ರೆ ಕೆಲಸದಲ್ಲಿ ಬಲು ಚೊಕ್ಕಟ. ಬಂದ ಹೊಸದರಲ್ಲಿ ಬೇಲಿ ಕಂಡ್ರೆ ನಡುಗೋಳು, ಹೊಲಕ್ಕೆ ಬುತ್ತಿ ತಂದ್ರೂ ತಂತಿಯಿಂದ ಮಾರು ದೂರ ನಿಂತು ಕೂಗೋಳು. ನನ್ನ ತಮ್ಮ ಒಂದು ದಿನ ಉದ್ದದ ಹಸಿ ಹುಲ್ಲುಕಡ್ಡಿ ಕಿತ್ತು ಅದರ ತುದಿಯನ್ನ ತಂತಿಗೆ ತಾಗಿಸಿದ. ಏನೂ ಆಗಲ್ಲ ನೋಡು ಅಂದ. ಆಮೇಲೆ ಹುಲ್ಲನ್ನ ತಂತಿ ಮೇಲೆ ಜಾರಿಸ್ತಾ ಕೈಯನ್ನ ನಿಧಾನವಾಗಿ ಹತ್ತಿರ ತಂದ. ಒಂದು ಗೇಣು ಉಳಿದಾಗ ಬೆರಳಿಗೆ ಸಣ್ಣಗೆ ಚುಟುಕ್ ಅಂತ ಬಡೀತು. ಇನ್ನೂ ಹತ್ತಿರ ತಂದ್ರೆ ಇನ್ನೂ ಜೋರು. ಹುಲ್ಲು ಉದ್ದ ಇದ್ರೆ ತಡೆ ಹೆಚ್ಚು, ಗಿಡ್ಡ ಆದಷ್ಟೂ ತಡೆ ಕಮ್ಮಿ ಅಂತ ವಿವರಿಸಿದ. ಅವಳು ತಾನೂ ಹಿಡಿದು ನೋಡಿದ್ಲು, ಬಡಿದಾಗ ಕಿಸಕ್ಕನೆ ನಕ್ಕು ಕೈ ಒದರಿದ್ಲು. ಗಂಡ ಹೆಂಡ್ತಿ ಇಬ್ರೂ ಅವತ್ತು ಬೇಲಿ ಹತ್ರ ಮಕ್ಕಳ ತರ ಆಡ್ತಿದ್ದದ್ದನ್ನ ನಾನೇ ನೋಡಿ, ಹೊತ್ತು ಮುಳುಗಿದ್ರೂ ನಿಮಗೆ ಮನೆ ನೆನಪಾಗಲ್ವೇನ್ರೋ ಅಂತ ಬೈದಿದ್ದೆ.

ಅಲ್ಲಿಂದ ಅದು ಅವಳ ಕೆಲಸವೇ ಆಯ್ತು. ಬೆಳಗ್ಗೆ ಎದ್ದು ಹಸುವಿನ ಹಾಲು ಕರೆದಾದ ಮೇಲೆ ಹೊಲಕ್ಕೆ ಹೋಗಿ ಒಂದು ಹುಲ್ಲು ಕಿತ್ತು ತಂತಿಗೆ ಇಟ್ಟು ನೋಡೋಳು. ಬಡಿದ್ರೆ ಬೇಲಿ ಸರಿಯಾಗಿದೆ. ಬಡೀದಿದ್ರೆ ಬ್ಯಾಟರಿ ಇಳಿದಿದೆ, ತಂತಿ ಮುಟ್ಟಬಹುದು, ಬಿಗಿ ಮಾಡಬಹುದು. ಅಕ್ಕಪಕ್ಕದ ಹೊಲದ ಹೆಂಗಸ್ರಿಗೂ ಅವಳೇ ಕಲಿಸಿದ್ಲು. ಮಗಳು ಶಿವರಂಜನಿ, ನಮ್ಮ ರಂಜು, ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ ಅದೂ ಅವ್ವನ ಹಿಂದೆ ಹುಲ್ಲು ಹಿಡ್ಕೊಂಡು ಓಡೋದು. ಹುಲ್ಲು ಸುಳ್ಳು ಹೇಳಲ್ಲ ಅನ್ನೋದು ನನ್ನ ತಮ್ಮನ ಮಾತು. ಅವತ್ತಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ನಮ್ಮ ಹೊಲಕ್ಕೂ ದಾಯಾದಿ ನಂಜುಂಡಸ್ವಾಮಿ ಹೊಲಕ್ಕೂ ನಡುವೆ ಒಂದೇ ಬೇಲಿ. ಅದಕ್ಕೆ ಕರೆಂಟು ಬರೋದು ಅವನ ಬಾಕ್ಸಿಂದ. ಕೆಟ್ಟವನಲ್ಲ ನಂಜುಂಡ, ಕಷ್ಟಕ್ಕೆ ಆಗೋನೇ, ಆದ್ರೆ ದುಡುಕು. ಹೋದ ವರ್ಷ ದೀಪಾವಳಿ ಹೊತ್ತಿಗೆ ಅವನ ಬ್ಯಾಟರಿ ಸೊರಗಿತ್ತು. ಒಂದು ದಿನ ಬಡೀತದೆ, ಒಂದು ದಿನ ಇಲ್ಲ. ಒಂಟಿ ಸಲಗ ಬಂದು ಕೊಂಬಲ್ಲಿ ತಂತಿ ಎತ್ತಿ ಕಂಬ ಮಲಗಿಸಿ ಅವನ ಕೋಸೆಲ್ಲ ತುಳಿದು ಹೋಯ್ತು. ಕೊಂಬಿಗೆ ಶಾಕ್ ತಟ್ಟಲ್ಲ ಅನ್ನೋದನ್ನ ಆ ಆನೆ ಎಲ್ಲಿ ಕಲಿತಿತ್ತೋ ಶಿವನೇ ಬಲ್ಲ. ನಂಜುಂಡ ನನ್ನ ತಮ್ಮನಿಗೆ ಹೇಳಿದ. ಹೊಸ ಬ್ಯಾಟರಿ ತರಿಸಿದ್ದೀನಿ, ಬಂದ ತಕ್ಷಣ ಹಾಕಿಕೊಡ್ತೀನಿ ಅಂತ ಇವನೂ ಅಂದ. ನಂಜುಂಡನಿಗೆ ತಡೆಯೋಕೆ ಆಗಲಿಲ್ಲ. ಯಾರಿಗೂ ಹೇಳದೆ ಪಂಪ್‌ಸೆಟ್ ಶೆಡ್ಡಿಂದ ಒಂದು ವೈರು ಎಳೆದು ಮನೆ ಲೈನನ್ನೇ ಬೇಲಿಗೆ ಸಿಕ್ಕಿಸಿಬುಟ್ಟ. ಸಂಜೆ ಸಿಕ್ಕಿಸೋದು, ಬೆಳಕು ಹರಿಯೋ ಮುಂಚೆ ತೆಗೆಯೋದು.

ಗುಮಟಾಪುರದ ಬೀರೇಶ್ವರನ ಗುಡೀಲಿ ಸಗಣಿ ಎರಚೋ ಹಬ್ಬ ಆಗಿ ಮಾರನೇ ಬೆಳಗ್ಗೆ. ನಂಜುಂಡ ಹಬ್ಬ ಆಡಿ ಬಂದು ಮೈ ನೋವಿಗೆ ಎಚ್ಚರ ಇಲ್ಲದೆ ಮಲಗಿದ್ದ. ವೈರು ತೆಗೆದಿರಲಿಲ್ಲ. ನನ್ನ ತಮ್ಮ ದಿಂಬಂ ಕಡೆ ಬೇಲಿ ಕೆಲಸಕ್ಕೆ ಬೆಳಗಾಗೆದ್ದು ಹೋಗಿದ್ದ. ಶೈಲಶ್ರೀ ಎಂದಿನಂಗೆ ಹೊಲಕ್ಕೆ ಹೋದ್ಲು. ನಾನು ಅವರೆಕಾಯಿ ಬಿಡಿಸೋಕೆ ಅಂತ ಹಿಂದೆ ಹೋದೆ. ಇಬ್ಬನಿಗೆ ಕಾಲೆಲ್ಲ ನೆನೆದು, ಸೀರೆ ಅಂಚು ಒದ್ದೆಯಾಗಿತ್ತು. ನಡುವಿನ ಬೇಲಿ ಹತ್ರ ಅವಳು ಮಂಡಿ ಮಡಚಿ ಬಿದ್ದಿದ್ದು ಕಂಡು, ಏನಾಯ್ತೇ ಅಂತ ಕೂಗಿದೆ. ಓಗೊಡಲಿಲ್ಲ. ನನ್ನ ಕೂಗಿಗೆ ನಂಜುಂಡನ ಮನೆ ಕಡೆಯಿಂದ ಯಾರೋ ಶೆಡ್ಡಿನ ಕಡೆ ಓಡಿದಂಗಾಯ್ತು. ನಾನು ಅವಳನ್ನ ಮುಟ್ಟೋ ಹೊತ್ತಿಗೆ ತಂತಿ ಸತ್ತಿತ್ತು, ಅದಕ್ಕೇ ನಾನು ಬದುಕಿದೆ. ಅವಳ ಬಲಗೈ ಅಂಗೈಲಿ ತಂತಿಯ ಗೆರೆ ಕರಕಲಾಗಿ ಕೂತಿತ್ತು. ಎಡಗೈ ಬೆರಳ ನಡುವೆ ಒಂದು ಹುಲ್ಲುಕಡ್ಡಿ.

ಪೊಲೀಸ್ನೋರು ಬಂದ್ರು, ಆಸ್ಪತ್ರೇಲಿ ಕುಯ್ದು ಕೊಟ್ರು, ಬೇಲಿ ಕರೆಂಟು ಹೊಡೆದು ಸಾವು ಅಂತ ಆಯ್ತು. ವಿಚಾರಣೆ ಆಮೇಲೆ ಅಂದ್ರು. ಊರಿಗೆ ಅಷ್ಟೇ ಸಾಕಾಯ್ತು. ಬೇಲಿ ಅಂದ್ರೆ ಬೇಲಿಸ್ವಾಮಿ ಬೇಲಿ, ಅವನು ಕಟ್ಟಿದ್ದೇ ಅವನ ಹೆಂಡ್ತೀನ ತಿಂತು ಅಂತ ಆಡ್ಕೊಂಡ್ರು. ಎಂಟು ಸಾವಿರ ವೋಲ್ಟು ಅಂದ್ರೆ ಆಟವಾ ಅಂದ್ರು. ನಂಜುಂಡ ಹೆಣ ಹೊರೋಕೆ ಹೆಗಲು ಕೊಟ್ಟ, ಗುಣಿ ತೋಡೋಕೂ ಬಂದ, ಬಾಯಿ ಮಾತ್ರ ಬಿಡಲಿಲ್ಲ. ಅವನು ವೈರು ಸಿಕ್ಕಿಸಿದ್ದು ನನಗೆ ಆಗ ಗೊತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನನ್ನ ತಮ್ಮನ ಪಕ್ಕ ಕೂತು ಕಂಡದ್ದೆಲ್ಲ ಹೇಳಿದೆ. ಅಂಗೈ ಸುಟ್ಟದ್ದು ಹೇಳಿದಾಗ ತಲೆ ಎತ್ತಿದ. ಹುಲ್ಲುಕಡ್ಡಿ ಹೇಳಿದಾಗ ಕಡ್ಡಿ ಎಷ್ಟುದ್ದ ಇತ್ತು ಅಂತ ಕೇಳಿದ. ಗೇಣುದ್ದ ಕಣಪ್ಪ ಅಂದೆ. ಅವನು ಅಲ್ಲೇ ಗೋಡೆಗೆ ತಲೆ ಆನಿಸಿದೋನು ಮತ್ತೆ ಮಾತಾಡಲೇ ಇಲ್ಲ. ಊಟ ಇಟ್ರೆ ಊಟ, ಬುಟ್ರೆ ಬುಟ್ಟ. ಬೇಲಿ ಬಗ್ಗೆ ಯಾರೇನು ಅಂದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಇದರ ನಡುವೆ ಶಿವಮಲ್ಲಮ್ಮ ಬಂದು ಕೂತಿದ್ಲು. ಆ ಮುದುಕಿಗೆ ಗಂಡ ಇಲ್ಲ, ಇದ್ದ ಒಬ್ಬಳು ಮಗಳನ್ನೂ ಕಳ್ಕೊಂಡ್ಲು. ಅಳು ನಿಂತ ಮೇಲೆ ಅವಳು ಒಂದೇ ಮಾತು ಹಿಡಿದ್ಲು. ನನ್ನ ಮಗಳನ್ನ ಕೊಂದ ತಂತಿಗಳ ನಡುವೆ ಮೊಮ್ಮಗಳನ್ನ ಬಿಡಲ್ಲ, ಶಿವಗಣಾರಾಧನೆ ಮುಗಿದ ದಿನವೇ ರಂಜೂನ ಗುಮಟಾಪುರಕ್ಕೆ ಕರ್ಕೊಂಡು ಹೋಗ್ತೀನಿ, ಮತ್ತೆ ಈ ಮನೆ ಹೊಸಲು ತುಳಿಸಲ್ಲ ಅಂದ್ಲು. ಮಗು ಅಪ್ಪನ ತೊಡೆ ಮೇಲಿಂದ ಇಳೀದೆ ಕೂತಿತ್ತು. ಅವನು ಅದರ ತಲೆ ಸವರ್ತಾ ಕೂತಿದ್ದ, ಅಷ್ಟೇ.

ನಾನು ತಮ್ಮನನ್ನ ಹಿತ್ತಲಿಗೆ ಕರೆದು ಚೆನ್ನಾಗಿ ಬೈದೆ. ನಿನ್ನ ಬೇಲಿ ಕೊಲ್ಲಲ್ಲ ಅಂತ ನನಗೆ ಟ್ಯಾಂಕು ತೋರಿಸಿ ಪಾಠ ಹೇಳ್ದೋನು ಈಗ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಲ್ಲ, ಹೆಂಡ್ತಿ ಹೋದ್ಲು, ಮಗಳನ್ನಾದ್ರೂ ಉಳಿಸ್ಕೊಳ್ಳೋ ಅಂದೆ. ಅವನು ಬಾವಿ ಕಟ್ಟೆ ಮೇಲೆ ಕೂತ. ಆಮೇಲೆ, ಬೇಲಿ ಮಾತು ಎತ್ತಿದ್ರೆ ಎಲ್ಲ ಮಾತೂ ಬರ್ತದೆ ಅಕ್ಕ ಅಂದ. ಬರ್ಲಿ ಬುಡು, ನೀನೇನು ಕದ್ದಿದ್ದೀಯಾ ಅಂದೆ ನಾನು. ಅವನು ಯಾವ ಮಾತಿಗೆ ಹೆದರ್ತಿದ್ದಾನೆ ಅಂತ ನನ್ನ ಮೊಂಡು ತಲೆಗೆ ಹೊಳೀಲಿಲ್ಲ.

ಶಿವಗಣಾರಾಧನೆ ದಿನ ಪೂಜೆ ಆಯ್ತು, ಅಯ್ನೋರು ಊಟ ಮಾಡಿ ಎದ್ರು, ನೆಂಟರ ಪಂಕ್ತಿ ಮುಗೀತು. ಶಿವಮಲ್ಲಮ್ಮ ಮಗುವಿನ ಬಟ್ಟೆ ಬ್ಯಾಗಿಗೆ ತುಂಬಿ ಜಗಲಿ ಮೇಲೆ ಇಟ್ಲು. ಅದನ್ನ ಕಂಡು ರಂಜು ಹೋ ಅಂತ ಅಳೋಕೆ ಶುರು ಮಾಡ್ತು. ಆಗ ನನ್ನ ತಮ್ಮ ಎದ್ದ. ಬಸ್ಸಿಗೆ ಇನ್ನೂ ಹೊತ್ತಿದೆ ಅತ್ತಮ್ಮ, ಒಂದು ಗಳಿಗೆ ಹೊಲಕ್ಕೆ ಬನ್ನಿ ಅಂದ. ಇದ್ದೋರೆಲ್ಲ ಹಿಂದೆ ಹೊರಟ್ರು. ನಂಜುಂಡನೂ ಬಂದ.

ಕಾಡಿನ ಕಡೆ ಬೇಲಿಗೆ ಹಾಕಿದ್ದ ನಮ್ಮ ಬಾಕ್ಸು ಟಕ್ ಟಕ್ ಅಂತಿತ್ತು. ಅವನು ಚಪ್ಪಲಿ ಬುಟ್ಟು ಬರಿಗಾಲಲ್ಲಿ ಮಣ್ಣಿಗಿಳಿದು, ಯಾರೂ ತಡೆಯೋ ಮುಂಚೆ ತಂತೀನ ಬರಿಗೈಲಿ ಹಿಡ್ಕೊಂಡ. ಹೆಂಗಸ್ರು ಚಿಟಾರ್ ಅಂತ ಕಿರುಚಿದ್ರು. ಬಾಕ್ಸು ಬಡಿದಾಗಲೆಲ್ಲ ಅವನ ತೋಳು ಎಗರಿ ಎಗರಿ ಬೀಳ್ತಿತ್ತು, ಹಲ್ಲು ಕಚ್ಚಿದ್ದ. ಆಮೇಲೆ ಬುಟ್ಟು, ಅಂಗೈ ತಿರುಗಿಸಿ ಅತ್ತೆಗೆ ತೋರಿಸಿದ. ಅದರ ಮೇಲೆ ಒಂದು ಕಲೇನೂ ಇಲ್ಲ. ಈ ಬೇಲಿ ಬಡೀತದೆ, ಬುಡ್ತದೆ, ಸುಡೋದಿಲ್ಲ, ಶೈಲಳ ಅಂಗೈ ಸುಟ್ಟಿತ್ತು, ಸುಡಬೇಕಾದ್ರೆ ಬಿಡದಂಗೆ ಹರೀಬೇಕು, ಅಂಥ ಕರೆಂಟು ಈ ಊರಲ್ಲಿ ಇರೋದು ಕಂಬದಿಂದ ಬರೋ ಮನೆ ಲೈನಲ್ಲಿ ಮಾತ್ರ ಅಂತ ನಿಧಾನವಾಗಿ ಹೇಳಿದ. ಯಾರ ಹೆಸರನ್ನೂ ಎತ್ತಲಿಲ್ಲ, ಯಾರ ಮುಖಾನೂ ನೋಡಲಿಲ್ಲ.

ನಂಜುಂಡ ನಿಂತಲ್ಲೇ ಕುಸಿದು ಕೂತ. "ಎಂಟು ಸಾವ್ರಕ್ಕೇ ಏನೂ ಆಗ್ದಿದ್ದ ಆನೆ ರುದ್ರಣ್ಣ," ಅಂದ. "ಇನ್ನೂರ ಮೂವತ್ತು ಅಂದ್ರ ಅದ್ಕಿಂತ ಎಷ್ಟೋ ಕಮ್ಮಿ ಅಲ್ವಾ ಅಂದ್ಕಂಡಿ. ಒಸಿ ಚುರುಕ್ ಅನ್ಲಿ, ಎದ್ರಿ ಓಡೋಗ್ಲಿ ಅಂತ ಆಕ್ದಿ ಕಣಣ್ಣ. ನನ್ ಕೈಯಾರ ಅತ್ಗೇನ ಕೊಂದ್ಬುಟ್ಟಿ."

ಅವನ ಮನೆ ಹಾಳಾಗ, ಅವನು ಸುಳ್ಳು ಹೇಳ್ತಿರಲಿಲ್ಲ. ಅವನಿಗೆ ನಿಜವಾಗಿ ಹಂಗೇ ಅನ್ನಿಸಿತ್ತು. ಎತ್ತರದ ಲೆಕ್ಕ ಗೊತ್ತಿತ್ತು, ಹರಿವಿನ ಲೆಕ್ಕ ಗೊತ್ತಿರಲಿಲ್ಲ. ಗಂಡಸ್ರು ಅವನ ಮೇಲೆ ಬಿದ್ರು, ಇನ್ಯಾರೋ ಬಿಡಿಸಿದ್ರು. ನಾನೂ ಬಾಯಿಗೆ ಬಂದಂಗೆ ಶಾಪ ಹಾಕಿದೆ. ಶಿವಮಲ್ಲಮ್ಮ ಮಾತ್ರ ಅವನ ಕಡೆ ತಿರುಗಲೇ ಇಲ್ಲ. ಅಳಿಯನ ಹತ್ರ ಬಂದು ಅವನ ಆ ಅಂಗೈಯನ್ನ ಎರಡೂ ಕೈಲಿ ಹಿಡ್ಕೊಂಡ್ಲು.

"ನಿನ್ ಬೇಲಿ ಅಲ್ಲ ಕಣಪ್ಪ. ನಾನು ಪಾಪಿ, ನಿನ್ ಮ್ಯಾಲ ಒರ್ಸ್ಬುಟ್ಟಿ. ಕೂಸು ನಿನ್ ತಾವೇ ಇರ್ಲಿ. ಅದ್ಕ ನೀನಲ್ದೆ ಇನ್ಯಾರವ್ರ."

ನನಗೆ ಅಷ್ಟು ದಿನದ ಮೇಲೆ ಆಗ ಉಸಿರು ಬಂತು. ಸೆರಗಲ್ಲಿ ಮುಖ ಒರೆಸ್ಕೊಂಡು, ಇನ್ನು ಮನೆಗೆ ನಡೀರಿ ಅಂದೆ. ನಡೀಲಿಲ್ಲ ಹಾಳಾದ ಜನ. ವೈರು ಎಲ್ಲಿ ಸಿಕ್ಕಿಸಿದ್ದೆ ತೋರಿಸು ಅಂತ ನಂಜುಂಡನ ರಟ್ಟೆ ಹಿಡಿದು ನಡುವಿನ ಬೇಲಿ ಕಡೆ ಎಳ್ಕೊಂಡು ಹೋದ್ರು. ನಾವೂ ಹಿಂದೆ ಹೋದ್ವಿ. ಅಲ್ಲಿ ಒಂದಿಬ್ರು ಸಡಿಲಾಗಿದ್ದ ತಂತಿ ಕಡೆ ಕೈ ಚಾಚಿದ್ರು.

ರಂಜು ಅಜ್ಜಿ ಕೈ ಬಿಡಿಸ್ಕೊಂಡು ಮುಂದೆ ಓಡ್ತು. ಇರಿ, ಯಾರೂ ಮುಟ್ಬೇಡಿ, ನಾನು ನೋಡ್ತೀನಿ ಅಂತು. ಓಡ್ತಾನೇ ಒಂದು ಹುಲ್ಲು ಕಿತ್ತಿತ್ತು. ಅವ್ವ ಮಾಡ್ತಿದ್ದಂಗೇ ಮೊಣಕಾಲು ಬಗ್ಗಿಸಿ, ಹುಲ್ಲನ್ನ ತಂತಿ ಮೇಲಿಟ್ಟು ಜಾರಿಸ್ತು. ಏನೂ ಬಡೀಲಿಲ್ಲ. ನಮ್ಮ ಕಡೆ ತಿರುಗಿ, ಕರೆಂಟಿಲ್ಲ, ಮುಟ್ಬಹುದು ಅಂತು. ಅಂತಾ ಅಂತಾನೇ ಇನ್ನೊಂದು ಕೈ ತಂತಿಗೆ ಹಾಕೋಕೆ ಹೋಯ್ತು.

ಸಾವಾದ ದಿನದಿಂದಲೂ ಆ ತಂತೀಲಿ ಏನೂ ಇರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದ್ರೂ ನನ್ನ ತಮ್ಮ ಹುಚ್ಚು ಹಿಡಿದೋನಂಗೆ ಹಾರಿ ಹೋಗಿ ಮಗುವಿನ ಕೈಗೆ ಏಟು ಹಾಕಿದ. ಎಂದೂ ಮಗಳಿಗೆ ಬೆರಳು ತಾಗಿಸಿದೋನಲ್ಲ. ಬಿದ್ದ ಏಟಿಗೆ ಅದು ಹಿಂದಕ್ಕೆ ಬಿತ್ತು, ಹುಲ್ಲು ಕೈಯಿಂದ ಜಾರ್ತು. ಅವನು ಅದರ ಮುಂದೆ ಮಂಡಿ ಊರಿ ಭುಜ ಹಿಡ್ಕೊಂಡು ಅಲ್ಲಾಡಿಸಿದ.

"ಉಲ್ಲ ನಂಬ್ಬೇಡ ಕಣವ್ವ. ನಾನು ಏಳ್ಕೊಟ್ಟದ್ದು ನಂಬ್ಬೇಡ. ಉಲ್ಲೊಳ್ಗ ತಡೆ ಜಾಸ್ತಿ. ಎಂಟು ಸಾವ್ರ ಆದ್ರ ಆ ತಡೆ ದಾಟ್ಕಂಡು ಒಸಿ ಬತ್ತದ, ಕೈಗೆ ಗೊತ್ತಾಯ್ತದ. ಮನೆ ಲೈನು ಇದ್ರ ಅದೇ ಉಲ್ಲಲ್ಲಿ ಮೂವತ್ರಲ್ಲಿ ಒಂದು ಪಾಲೂ ಬರಲ್ಲ, ಕೈಗೆ ಗೊತ್ತೇ ಆಗಲ್ಲ. ಉಲ್ಲು ಸುಮ್ನಿರ್ತದ. ಸುಮ್ನದ ಅಂತ ಕೈ ಆಕುದ್ರ ಆಗ ನಡುವ ಉಲ್ಲಿಲ್ಲ, ತಡೆ ಇಲ್ಲ, ಒದ್ದೆ ಕೈ, ಒದ್ದೆ ಕಾಲು, ಎಲ್ಲಾನೂ ಮೈಯೊಳ್ಗ ನುಗ್ತದ. ನಿಮ್ಮವ್ವ..."

ಆಗ ನನಗೆ ಎಲ್ಲ ಅರ್ಥ ಆಯ್ತು, ಅವನು ಗೋಡೆಗೆ ತಲೆ ಆನಿಸಿದ್ದು ಯಾಕೆ, ಬಾಯಿ ಬಿಡದೆ ಕೂತದ್ದು ಯಾಕೆ ಅಂತ. ಬೇಕಿತ್ತಾ ಮಲ್ಲಾಜಿ ನಿನಗೆ, ಅವನನ್ನ ಮಾತಿಗೆ ಎಬ್ಬಿಸಿದ್ದು ಅಂತ ನನಗೆ ನಾನೇ ಬೈಕೊಂಡೆ. ಶಿವಮಲ್ಲಮ್ಮ ಕಿವುಡಿಯಲ್ಲ, ಪೆದ್ದೀನೂ ಅಲ್ಲ. ನಿಧಾನಕ್ಕೆ ಹತ್ರ ಬಂದ್ಲು.

"ನನ್ ಮಗ್ಳೂ ಅವತ್ತು ಉಲ್ಲಿಟ್ಟು ನೋಡಿದ್ಲಾ?"

"ನೋಡಿದ್ಲು ಅತ್ತಮ್ಮ."

"ಏನೂ ಇಲ್ಲ ಅಂತ ನಂಬ್ಕಂಡು ಮುಟ್ಟಿದ್ಲಾ?"

"ಊಂ."

"ಏಳ್ಕೊಟ್ಟೋನು ನೀನಾ?"

ಅವನು ಇಲ್ಲ ಅನ್ನಬಹುದಿತ್ತು. ಊರಲ್ಲಿ ಎಲ್ರೂ ಹಂಗೇ ನೋಡ್ತಾರೆ ಅನ್ನಬಹುದಿತ್ತು. ನಾನು ಅವನ ಬೆನ್ನ ಹಿಂದೆ ನಿಂತು ಕೈ ಮುಗೀತಿದ್ದೆ, ಸುಳ್ಳು ಹೇಳಪ್ಪ, ಇದೊಂದು ಸಲ ಸುಳ್ಳು ಹೇಳಪ್ಪ ಅಂತ ಮನಸ್ಸಲ್ಲೇ ಬೇಡ್ಕೊಂಡೆ.

"ನಾನೇ ಅತ್ತಮ್ಮ. ನಾನು ಕಲ್ಸದಿದ್ರ ಅವ್ಳು ಬೇಲಿ ತಾವ್ಕ ಓಯ್ತಾನ ಇರ್ನಿಲ್ಲ."

ಮುದುಕಿ ಮೊಮ್ಮಗಳನ್ನ ಎಬ್ಬಿಸಿ, ಅದರ ಲಂಗದ ಮಣ್ಣು ಕೊಡವಿ, ಸೊಂಟಕ್ಕೆ ಎತ್ಕೊಂಡು ಮನೆ ಕಡೆ ನಡೆದ್ಲು. ಅಷ್ಟು ದೊಡ್ಡ ಮಗೂನ ಎತ್ತೋ ಶಕ್ತಿ ಅವಳಿಗೆ ಎಲ್ಲಿಂದ ಬಂತೋ ನಾನರಿಯೆ. ನಾನು ಹಿಂದಿಂದೆ ಓಡಿ ಅವಳ ಕಾಲು ಹಿಡ್ಕೊಂಡೆ. ಅವನಿಗೇನು ಗೊತ್ತಿತ್ತು ಶಿವಮಲ್ಲಕ್ಕ, ಕಂಬದ ಲೈನು ತಂದು ಬೇಲಿಗೆ ಹಾಕ್ತಾರೆ ಅಂತ ಅವನು ಕನಸು ಕಂಡಿದ್ನಾ, ಬದುಕಿರೋ ಒಬ್ಬನನ್ನ ಹಿಂಗೆ ಸಾಯಿಸಬೇಡ ಅಂದೆ. ಗೊತ್ತು ಅಂದ್ಲು. ಅಷ್ಟೇ ಅಂದ್ಲು. ಕಾಲು ಬಿಡಿಸ್ಕೊಂಡು ಜಗಲಿ ಮೇಲಿದ್ದ ಬ್ಯಾಗು ತಗೊಂಡ್ಲು.

ನಂಜುಂಡನ ಮೇಲೆ ಕೇಸಾಯ್ತು, ಜಾಮೀನಾಯ್ತು, ಕೋರ್ಟಿಗೆ ಅಲೀತಿದ್ದಾನೆ. ನನ್ನ ತಮ್ಮ ಬೇಲಿ ಕೆಲಸ ಬುಟ್ಟ. ಅವನು ಬುಟ್ಟ ಮೇಲೆ ಕೆಟ್ಟ ಬಾಕ್ಸುಗಳು ಹಂಗೇ ಬಿದ್ದಿವೆ, ಕತ್ತಲಾದ ಮೇಲೆ ಯಾವ ಹೊಲದಲ್ಲಿ ಯಾರು ಏನು ಸಿಕ್ಕಿಸ್ತಾರೋ ದೇವರೇ ಬಲ್ಲ. ಅವನು ಬರಿಗಾಲಲ್ಲಿ ಊರೂರು ತಿರುಗ್ತಾನೆ. ಸಿಕ್ಕಿದ ಹೆಂಗಸ್ರಿಗೆಲ್ಲ ಹುಲ್ಲಿಟ್ಟು ನೋಡಬೇಡಿ ಅಂತ ಕೈ ಮುಗೀತಾನೆ. ಅವರು ಆಯ್ತು ಸ್ವಾಮಿ ಅಂತಾರೆ, ಹಿಂದಿಂದ ತಲೆ ಕೆಟ್ಟಿದೆ ಪಾಪ ಅಂತಾರೆ, ಬೆಳಗಾದ್ರೆ ಹುಲ್ಲು ಕೀಳ್ತಾರೆ.

ಅವತ್ತಿನ ಬಸ್ಸಿನ ಮಾತು ಒಂದು ಉಳೀತು. ಅದನ್ನ ಊರಲ್ಲಿ ಯಾರೂ ಹೇಳಲ್ಲ, ಅಲ್ಲಿ ನಿಂತಿದ್ದವಳು ನಾನೊಬ್ಬಳೇ. ಬಸ್ಸು ಬಂತು. ಶಿವಮಲ್ಲಮ್ಮ ಬ್ಯಾಗು ಹಿಡ್ಕೊಂಡು ಮೊದಲು ಹತ್ತಿದ್ಲು. ರಂಜು ಕೆಳಗೆ ನಿಂತಿತ್ತು, ಬಸ್ಸಿನ ಮೆಟ್ಟಿಲು ಅದಕ್ಕೆ ಎತ್ತರ. ನನ್ನ ತಮ್ಮ ಎಲ್ಲಿದ್ನೋ ಓಡಿ ಬಂದ. ಬಗ್ಗಿ, ಬಾ ಕಣವ್ವ, ಹತ್ತಿಸ್ತೀನಿ ಅಂತ ಎರಡೂ ಕೈ ಚಾಚಿದ. ಮಗು ಆ ಕೈಗಳನ್ನ ನೋಡ್ತು. ನೋಡಿ, ತನ್ನ ಎರಡೂ ಕೈಯನ್ನ ಬೆನ್ನ ಹಿಂದಕ್ಕೆ ತಗೊಂಡು ಒಂದು ಹೆಜ್ಜೆ ಸರೀತು. ಕಂಡಕ್ಟರ್ ಬಂದು ಅದನ್ನ ಎತ್ತಿ ಹತ್ತಿಸಿದ. ಬಸ್ಸು ಹೊರಟು ತಿರುವಲ್ಲಿ ಮರೆ ಆದ್ರೂ ಅವನು ಹಂಗೇ ಬಗ್ಗಿ ನಿಂತಿದ್ದ, ಚಾಚಿದ ಕೈ ಕೆಳಗಿಳಿಸಿರಲಿಲ್ಲ.